ಗಾಜಿನಾಚೆಯ ಗುಂಡಿ

ಕಿಟಕಿಗೆ ಇನ್ನಷ್ಟು ಹತ್ತಿರ ಬನ್ನಿ. ಕೆಳಗೆ ಕಾಣುವುದು ಹಂದಿಗಳ ದೊಡ್ಡಿ. ಲಾರಿಯಿಂದ ಇಳಿದವು ಗುಂಪುಗುಂಪಾಗಿ ಮೈಗೆ ಮೈ ತಾಗಿಸಿ ಮಲಗಿವೆ. ಮೇಲಿನಿಂದ ನೀರಿನ ತುಂತುರು. ಒಂದು ಎದ್ದು, ಪಕ್ಕದ್ದರ ಕಿವಿ ಮೂಸಿ, ಮತ್ತೆ ಒರಗುತ್ತದೆ. ಪ್ರಯಾಣದ ಗಾಬರಿ ಇಳಿಯಲೆಂದು ಅವಕ್ಕೆ ಇಲ್ಲಿ ವಿಶ್ರಾಂತಿ. ಬೆದರಿದ ಹಂದಿಯ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ. ಈ ನೆಮ್ಮದಿಯಲ್ಲಿ ವ್ಯಾಪಾರದ ಲೆಕ್ಕವೂ ಸೇರಿದೆ.

ನೀವಿರುವುದು ಡೆನ್ಮಾರ್ಕಿನ ಹೋರ್ಸೆನ್ಸ್ ಪಟ್ಟಣದಲ್ಲಿ. ಹಂದಿ ಸಾಕುವ ರೈತರೇ ಒಡೆಯರಾಗಿರುವ ಡೇನಿಷ್ ಕ್ರೌನ್ 2004ರಲ್ಲಿ ತೆರೆದ ಕಸಾಯಿಖಾನೆಯಿದು. ವಾರಕ್ಕೆ ಸುಮಾರು 1 ಲಕ್ಷ ಹಂದಿಗಳನ್ನು ಕಡಿಯುವ ಸಾಮರ್ಥ್ಯ. ಲೋಕವೆಲ್ಲ ಗೋಡೆಯ ಹಿಂದೆ ಬಚ್ಚಿಡುವ ಈ ಕೆಲಸಕ್ಕೆ ಇವರು ಗಾಜು ಹಾಕಿದರು, ಜನರಿಗೆಂದೇ ಗ್ಯಾಲರಿ ಕಟ್ಟಿದರು, ಶಾಲೆಯ ಮಕ್ಕಳನ್ನೂ ಕರೆದು ತೋರಿಸಿದರು. ಆ ಧೈರ್ಯಕ್ಕೆ ಗೌರವ ಸಲ್ಲಬೇಕು.

ಗ್ಯಾಲರಿಯಲ್ಲಿ ಮುಂದೆ ನಡೆಯಿರಿ. ಹಿಂದಿನಿಂದ ಯಂತ್ರದ ಗೇಟು ನಿಧಾನವಾಗಿ ಸರಿದು ಬರುತ್ತಿದೆ. ಅದರ ಮುಂದೆ ಹಂದಿಗಳು ಒಟ್ಟಾಗಿ ಹೆಜ್ಜೆ ಹಾಕುತ್ತಿವೆ. ಒಂಟಿಯಾದರೆ ಹೆದರುವ ಪ್ರಾಣಿ ಇದು, ಹಾಗಾಗಿ ಕೊನೆಯವರೆಗೂ ಜೊತೆ ತಪ್ಪಿಸುವುದಿಲ್ಲ. ಕೆಲವು ಉಕ್ಕಿನ ಪಂಜರ ಹೊಕ್ಕವು. ಬಾಗಿಲು ಮುಚ್ಚಿತು. ಪಂಜರ ಲಿಫ್ಟಿನಂತೆ ಕೆಳಗಿಳಿಯಿತು.

ಇನ್ನು ಅವು ನಿಮಗೆ ಕಾಣವು. ಕೆಳಗಿರುವುದು ಕಾರ್ಬನ್ ಡೈಆಕ್ಸೈಡ್ ತುಂಬಿದ ಗುಂಡಿ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲೇ ನಿಲ್ಲುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಅದರ ಪ್ರಮಾಣ ಕನಿಷ್ಠ ಶೇ 80. ಮೂಗು, ಗಂಟಲಿನ ತೇವಕ್ಕೆ ತಾಗಿದೊಡನೆ ಆಮ್ಲವಾಗಿ ಉರಿಸುತ್ತದೆ. ಹಂದಿ ತಲೆ ಹಿಂದಕ್ಕೆಳೆದುಕೊಳ್ಳುತ್ತದೆ, ಬಾಯಿ ತೆರೆದು ಏದುತ್ತದೆ, ಕಿರುಚುತ್ತದೆ, ಹೊರಬರಲು ಒದ್ದಾಡುತ್ತದೆ. ಪ್ರಜ್ಞೆ ತಪ್ಪಲು ಅರ್ಧ ನಿಮಿಷದಷ್ಟು ಹೊತ್ತು. ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ.

ಪಂಜರದಿಂದ ಸಡಿಲಗೊಂಡ ಮೈಗಳು ಹೊರಳಿ ಬೀಳುತ್ತವೆ. ಹಿಂಗಾಲಿಗೆ ಸರಪಳಿ, ಕುತ್ತಿಗೆಗೆ ಚೂರಿ. ಆಮೇಲೆ ಬಿಸಿನೀರು, ಗರಗಸ, ಕರುಳು ಪರೀಕ್ಷಿಸುವವರು.

ಗುಂಡಿಯೊಳಗಿನ ಸಂಕಟ ಗುಟ್ಟಲ್ಲ. ನೋವು, ಭಯ, ಉಸಿರು ಕಟ್ಟುವ ಯಾತನೆ ಅಲ್ಲಿದೆಯೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ ವಿಜ್ಞಾನಿಗಳು 2020ರಲ್ಲೂ ಹೇಳಿದ್ದಾರೆ. ಹಂದಿಗಳಿಗೆ ಈ ಅನಿಲ ಬಳಸುವುದನ್ನು ಹಂತಹಂತವಾಗಿ ಬಿಡಬೇಕೆಂಬ ಶಿಫಾರಸು ಒಕ್ಕೂಟದ 2009ರ ನಿಯಮ ಬರೆಯುವಾಗಲೇ ಮುಂದಿತ್ತು. ಆರ್ಥಿಕವಾಗಿ ಸದ್ಯಕ್ಕೆ ಗಿಟ್ಟದೆಂದು ಕೈಬಿಟ್ಟರು. ಆ ಮಾತನ್ನು ನಿಯಮದ ಪೀಠಿಕೆಯಲ್ಲೇ ಬರೆದಿದ್ದಾರೆ. ಕಸಾಯಿಖಾನೆಯಲ್ಲಿ ಜೀವಂತ ಪ್ರಾಣಿ ಇರುವ ಕಡೆಯೆಲ್ಲ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 90 ದಿನ ಉಳಿಸಬೇಕು ಎಂದು ಇಂಗ್ಲೆಂಡ್ 2018ರಲ್ಲಿ ಕಡ್ಡಾಯ ಮಾಡಿತು. ಆದರೆ ಅದನ್ನು ನೋಡುವ ಹಕ್ಕು ತಪಾಸಣೆ ಮಾಡುವ ಅಧಿಕಾರಿಗಳಿಗೆ, ಜನರಿಗಲ್ಲ.

ಪ್ರಾಣಿ ಅತಿ ಹೆಚ್ಚು ನರಳುವ ಅರ್ಧ ನಿಮಿಷ ಮರೆಯಲ್ಲಿರುವ ತನಕ ಯಾವ ಕಸಾಯಿಖಾನೆಯನ್ನೂ ತೆರೆದದ್ದು ಎನ್ನಲಾಗದು. ಗುಂಡಿಯ ತಳಕ್ಕೂ ಕ್ಯಾಮೆರಾ ಇಳಿಯಲಿ, ಆ ದೃಶ್ಯ ಎಲ್ಲರೆದುರು ಬರಲಿ. ನೋಡಿದ ಜನ ಒತ್ತಾಯಿಸಿದರೆ, ಈಗ ಗಿಟ್ಟದೆನ್ನುವ ಬದಲಾವಣೆಗೆ ಆಗ ದುಡ್ಡೂ ಹುಟ್ಟುತ್ತದೆ.