ನಿದ್ದೆಗೆಟ್ಟ ಕಾರು

ಕಳವಿನಲ್ಲಿ ಎರಡು ಬಗೆ. ಬೀಗ ಮುರಿದು ಆಗುವ ಕಳವು ಒಂದು. ಹಾಕಿದ ಬೀಗ ಹಾಕಿದಂತೆಯೇ ಇದ್ದು ಆಗುವ ಕಳವು ಇನ್ನೊಂದು. ಮೊದಲನೆಯದಕ್ಕೆ ಪೊಲೀಸರುಂಟು, ಪಂಚನಾಮೆಯುಂಟು. ಎರಡನೆಯದಕ್ಕೆ ಮನೆಯ ಯಜಮಾನನೇ ಪೊಲೀಸು, ಅವನೇ ನ್ಯಾಯಾಧೀಶ; ಆದುದರಿಂದ ಅಲ್ಲಿ ನಿರಪರಾಧಿಗೆ ಶಿಕ್ಷೆಯಾಗುವ ಸಂಭವ ಹೆಚ್ಚು. ರಾತ್ರಿ ಸುಸ್ಥಿತಿಯಲ್ಲಿ ನಿಲ್ಲಿಸಿದ ಕಾರು ಬೆಳಗಾಗುವುದರೊಳಗೆ ಬ್ಯಾಟರಿಯ ಕಸುವನ್ನೆಲ್ಲ ಕಳೆದುಕೊಂಡು, ಕೀಲಿಕೈ ತಿರುಗಿಸಿದರೆ ‘ಟಕ್’ ಎಂದಷ್ಟೇ ನುಡಿದು ಸುಮ್ಮನಾಗುವುದು ಈ ಎರಡನೆಯ ಜಾತಿಯ ಕಳವು.

ಹಿಂದಿನವರಿಗೆ ಈ ತೊಂದರೆ ಇಷ್ಟಿರಲಿಲ್ಲ. ಸೀಸದ ತಗಡು, ಗಂಧಕಾಮ್ಲಗಳಿಂದ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಷ್ಟು ಹಿಂದೆಯೇ ಕಂಡುಹಿಡಿದಿದ್ದನು. ಆದರೂ ಮೋಟಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪತೊಡಗಿದ್ದು, ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ. ಬಹುಕಾಲದವರೆಗೆ ಹ್ಯಾಂಡಲೂ ಜೊತೆಗಿತ್ತು. ಬ್ಯಾಟರಿ ಕೈಕೊಟ್ಟರೆ ತೋಳು ಕೈಹಿಡಿಯುತ್ತಿತ್ತು. ಈಗಿನ ಕಾರಿಗೆ ಹ್ಯಾಂಡಲೂ ಇಲ್ಲ, ಪೂರ್ಣ ವಿಶ್ರಾಂತಿಯೂ ಇಲ್ಲ. ಕೀಲಿಕೈ ತೆಗೆದ ಮೇಲೆಯೂ ಗಡಿಯಾರ, ಕಳ್ಳರನ್ನು ಬೆದರಿಸುವ ಗಂಟೆ, ದೂರದಿಂದಲೇ ಬಾಗಿಲು ತೆರೆಯುವ ಯಂತ್ರ ಇವೆಲ್ಲ ಅರೆಗಣ್ಣು ತೆರೆದೇ ಮಲಗಿರುತ್ತವೆ. ಇವುಗಳ ಒಟ್ಟು ಊಟ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರು. ಅಷ್ಟನ್ನು ಯಾವ ಬ್ಯಾಟರಿಯೂ ವಾರಗಟ್ಟಲೆ ತಾಳಿಕೊಳ್ಳುತ್ತದೆ. ಒಂದೇ ರಾತ್ರಿಯಲ್ಲಿ ಬರಿದಾಯಿತೆಂದರೆ, ಮನೆಯೊಳಗೆ ಬೇರಾರೋ ಉಣ್ಣುತ್ತಿದ್ದಾರೆಂದೇ ಅರ್ಥ.

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಬಹುದು. ಯಜಮಾನರು ನಿವೃತ್ತ ಮಾಸ್ತರರು. ಮನೆಯಲ್ಲಿ ಉಬ್ಬಸದ ವೃದ್ಧ ತಾಯಿ. ಅಪರಾತ್ರಿಯಲ್ಲಿ ಆಕೆಗೆ ಉಸಿರು ಕಟ್ಟಿದರೆ ಧಾರವಾಡದ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಬಸ್ಸಿಗಾಗಿ ಕಾಯುವಂತಿಲ್ಲ. ಅದಕ್ಕಾಗಿಯೇ ಕೊಂಡ ಸಣ್ಣ ಕಾರು ಅದು. ಅಂಥ ಕಾರು ಒಂದೇ ವಾರದಲ್ಲಿ ಮೂರು ಮುಂಜಾವು ಮೊಂಡು ಹಿಡಿದರೆ ಮನೆಯವರ ಎದೆ ಹೇಗೆ ತಡೆದೀತು? ಮಾಸ್ತರರು ಹೊಸ ಬ್ಯಾಟರಿಯನ್ನೇ ತಂದು ಹಾಕಿಸಿದರು. ನಾಲ್ಕನೆಯ ದಿನ ಅದೂ ‘ಟಕ್’ ಎಂದಿತು.

ಆಗ ಅನುಮಾನದ ಮುಳ್ಳು ಓಣಿಯ ಹುಡುಗನತ್ತ ತಿರುಗಿತು. ಕಾಲೇಜಿಗೆ ಹೋಗುವ ಮುನ್ನ ಕಾರು ತೊಳೆದು ನಾಲ್ಕು ಕಾಸು ಗಳಿಸುವ ಬಡವರ ಮಗ ಅವನು. ತೊಳೆಯುವಾಗ ಕಾರಿನಲ್ಲಿ ಹಾಡು ಹಚ್ಚಿದ್ದನ್ನು ಯಾರೋ ಒಮ್ಮೆ ಕಂಡಿದ್ದರು. ಅಷ್ಟೇ ಸಾಕ್ಷ್ಯ. ಯಾರೂ ಅವನನ್ನು ಗದರಿಸಲಿಲ್ಲ. ಕೀಲಿಕೈಯನ್ನು ಮಾತ್ರ ಮೊಳೆಯಿಂದ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಬರಿದಾದ ಮೊಳೆಯನ್ನು ನೋಡಿದನು, ಮರುದಿನದಿಂದ ಬರಲಿಲ್ಲ.

ಕೀಲಿಕೈಗೆ ಬೀಗ ಬಿದ್ದರೂ ಬ್ಯಾಟರಿಯ ಸೋರಿಕೆ ನಿಲ್ಲಲಿಲ್ಲ. ಕೊನೆಗೆ ಮಿಸ್ತ್ರಿಯನ್ನು ಕರೆಸಬೇಕಾಯಿತು. ಆತ ಬಂದವನೇ ಯಾರ ಮೇಲೂ ದೋಷ ಹೊರಿಸಲಿಲ್ಲ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಅದರ ಋಣ ತುದಿಯ ತಂತಿಯನ್ನು ಬಿಚ್ಚಿಟ್ಟು, ನಾಳೆ ಬರುವೆನೆಂದು ಹೊರಟುಹೋದನು. ಮರುದಿನ ಅಳೆದಾಗ 12.6 ವೋಲ್ಟು ಇತ್ತು. ತುಂಬಿದ ಬ್ಯಾಟರಿಯ ಲಕ್ಷಣವೇ ಅದು. 12.2ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿ. 12ರ ಕೆಳಗೆ ಬಂದರೆ ದಿವಾಳಿಯ ಹೊಸ್ತಿಲು.

“ಮಾಸ್ತರ, ಬ್ಯಾಟರಿದೇನೂ ತಪ್ಪಿಲ್ಲರಿ. ಗಾಡಿನ ನಿದ್ದಿ ಮಾಡವಲ್ತು,” ಎಂದನು ಮಿಸ್ತ್ರಿ.

ಮುಂದಿನದು ನಿಜವಾದ ಪತ್ತೇದಾರಿ. ಬಿಚ್ಚಿದ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ಮನೆಗೆ ಹಚ್ಚಿ ಜೋಡಿಸಿದನು. ಕಾರಿಗೆ ಹೋಗುವ ಪ್ರವಾಹವೆಲ್ಲ ಈಗ ಮೀಟರಿನ ಮೂಲಕವೇ ಹಾಯಬೇಕು. ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಅರ್ಧ ಗಂಟೆ ಕಾಯಲು ಹೇಳಿದನು. ಈ ಕಾಯುವಿಕೆ ಮುಖ್ಯ. ಕಾರಿನ ಯಂತ್ರಾಂಗಗಳು ಒಂದೊಂದಾಗಿ ಮಲಗಲು ಅಷ್ಟು ಹೊತ್ತು ಬೇಕಾದೀತು, ಆತುರಪಟ್ಟು ಅಳೆದರೆ ನಿರಪರಾಧಿಯೂ ಅಪರಾಧಿಯಾಗಿ ಕಾಣುತ್ತದೆ. ಮೀಟರು ಹಚ್ಚಿದಾಗ ಎಂಜಿನನ್ನು ಚಾಲೂ ಮಾಡಲೂ ಬಾರದು; ನೂರಾರು ಆಂಪಿಯರು ನುಂಗುವ ಸ್ಟಾರ್ಟರಿನ ಎದುರು ಆ ಬಡಪಾಯಿ ಉಳಿಯದು.

ಅರ್ಧ ಗಂಟೆಯ ಮೇಲೂ ಮೀಟರು 1.8 ಆಂಪಿಯರು ತೋರಿಸುತ್ತಿತ್ತು. ಮಾಸ್ತರರು ಬೆರಳೆಣಿಸಿದರು. ಹನ್ನೆರಡು ಗಂಟೆಗೆ 21.6 ಆಂಪಿಯರ್-ಗಂಟೆ, ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35. ಒಂದು ರಾತ್ರಿಗೆ ಅರ್ಧಕ್ಕಿಂತ ಹೆಚ್ಚು!

ಮಿಸ್ತ್ರಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮೀಟರು ನೋಡಿ, ಮತ್ತೆ ಅಲ್ಲಲ್ಲಿಯೇ ಸೇರಿಸುತ್ತ ಹೋದನು. ಯಾವ ಫ್ಯೂಸು ಕಿತ್ತಾಗ ಅಂಕಿ ತಟ್ಟನೆ ಕುಸಿಯುವುದೋ ಕಳ್ಳ ಅದೇ ಮಾರ್ಗದಲ್ಲಿರಬೇಕು. ಹಲವೆಡೆ ಇದು ಮುಚ್ಚಿದ ಡಿಕ್ಕಿಯೊಳಗೆ ಆರದೆ ಉರಿಯುವ 5 ವಾಟಿನ ದೀಪವಾಗಿರುತ್ತದೆ, ಇಲ್ಲವೆ ಅಂಟಿಕೊಂಡ ರಿಲೇ ಆಗಿರುತ್ತದೆ. ಇಲ್ಲಿ ಕೊನೆಯ ಫ್ಯೂಸಿನವರೆಗೂ ಅಂಕಿ ಕದಲಲಿಲ್ಲ. ಇಂಥಲ್ಲಿ ಶಂಕೆ ಆಲ್ಟರ್ನೇಟರಿನ ಡಯೋಡುಗಳ ಮೇಲೆ ಹೋಗುವುದುಂಟು. ಆದರೆ ಮಿಸ್ತ್ರಿಯ ಕಣ್ಣು ಬ್ಯಾಟರಿಯ ಧನ ತುದಿಯಿಂದ ನೇರವಾಗಿ ಹೊರಟ ಒಂದು ಕೆಂಪು ತಂತಿಯ ಮೇಲೆ ನಿಂತಿತು. ಅದು ಕಾರಖಾನೆಯವರು ಎಳೆದ ತಂತಿಯಲ್ಲ. ಅದರದೇ ಪುಟ್ಟ ಫ್ಯೂಸನ್ನು ಬಿಡಿಸಿದೊಡನೆ ಮೀಟರು 0.03ಕ್ಕೆ ಇಳಿಯಿತು.

ತಂತಿ ಮುಗಿದದ್ದು ಹಿಂದಿನ ಆಸನದ ಕೆಳಗಿನ ಆಂಪ್ಲಿಫಯರಿನಲ್ಲಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ದೀಪಾವಳಿಗೆ ಬಂದಾಗ, ತಂದೆ ಹಾಡು ಕೇಳಲೆಂದು ಪ್ರೀತಿಯಿಂದ ಹಾಕಿಸಿಕೊಟ್ಟದ್ದು. ಕೀಲಿಕೈಯೊಡನೆ ಆರಬೇಕಾದ ಅದರ ಸೂಚನಾ ತಂತಿಯನ್ನು ಜೋಡಿಸಿದವರು ಸದಾ ವಿದ್ಯುತ್ತಿರುವ ಮಾರ್ಗಕ್ಕೆ ಸೇರಿಸಿಬಿಟ್ಟಿದ್ದರು. ಸದ್ದೇ ಇಲ್ಲದೆ ಅದು ರಾತ್ರಿಯಿಡೀ ಎಚ್ಚರವಿರುತ್ತಿತ್ತು.

ಸೂಚನಾ ತಂತಿಯನ್ನು ಸರಿಯಾದ ಮಾರ್ಗಕ್ಕೆ ಬದಲಿಸಲು ಹತ್ತು ನಿಮಿಷ ಸಾಕಾಯಿತು. ಹಳೆಯ ಬ್ಯಾಟರಿಯನ್ನು ತುಂಬಿಸಿ ಪರೀಕ್ಷಿಸಿದರೆ ಅದೂ ಗಟ್ಟಿಯಾಗಿಯೇ ಇತ್ತು. ಹೊಸದಕ್ಕೆ ಕೊಟ್ಟ ಹಣ ದಂಡ. ಅಳೆಯುವ ಮೊದಲೇ ತೀರ್ಪು ಕೊಟ್ಟದ್ದಕ್ಕೆ ತೆತ್ತ ಬೆಲೆಗಳಲ್ಲಿ ಅದು ಚಿಕ್ಕದು.

ದೊಡ್ಡದನ್ನು ತೀರಿಸುವ ಉಪಾಯ ಮಿಸ್ತ್ರಿಯ ಪೆಟ್ಟಿಗೆಯಲ್ಲಿರಲಿಲ್ಲ. ಅಂದು ಸಂಜೆ ಮಾಸ್ತರರು ರುಮಾಲು ಸುತ್ತಿಕೊಂಡು ಹಿಂದಿನ ಓಣಿಗೆ ತಾವೇ ನಡೆದುಹೋದರು. ಹುಡುಗನ ತಾಯಿ ಗಾಬರಿಯಿಂದ ಕಂಬಳಿ ಹಾಸಿದಳು.

“ತಮ್ಮಾ, ನಿನ್ನ ಮ್ಯಾಲ ಸುಮ್ಮನ ಸಂಶೇ ಪಟ್ಟೆ. ತಪ್ಪು ನಂದೈತಿ.”

ಹುಡುಗ ನೆಲ ನೋಡುತ್ತ ನಿಂತನು. ಬಹಳ ಹೊತ್ತಿನ ಮೇಲೆ, “ಅಜ್ಜಿಗಿ ಈಗ ಹೆಂಗೈತ್ರಿ?” ಎಂದನು.

ಮರುದಿನ ಬೆಳಿಗ್ಗೆ ಕೀಲಿಕೈ ಮತ್ತೆ ಮೊಳೆಯ ಮೇಲಿತ್ತು.