ನಂಬಬಹುದಾದ ಪುಸ್ತಕ

ಸೊರಬದ ಸೀಮೆಯಲ್ಲಿ ಮಳೆಗಾಲ ಕಳೆಯಿತೆಂಬ ವಾರ್ತೆಯನ್ನು ಪಂಚಾಂಗಕ್ಕಿಂತ ಮೊದಲು ಹಳೆಯ ಕಾರುಗಳು ಸಾರುತ್ತವೆ. ಹೊಸಬಾಳೆಯಿಂದ ಶಿಕಾರಿಪುರದತ್ತ ಹೊರಟ ವಾಹನವು ಹೊಂಡ ಬಂದಾಗಲೆಲ್ಲ ‘ಟಕ್’ ಎಂದು ನರಳತೊಡಗಿದರೆ, ಅದರ ಯಜಮಾನನಿಗೆ ಎರಡು ದಾರಿಗಳು ತೋರುತ್ತವೆ. ಒಂದು, ಪೇಟೆಯ ಮೇಸ್ತ್ರಿಯ ಬಾಗಿಲಲ್ಲಿ ಸರದಿಗಾಗಿ ಕಾಯುವುದು. ಇನ್ನೊಂದು, ತಾನೇ ತೋಳೇರಿಸಿ ಕಾರಿನ ಅಡಿಗೆ ನುಸುಳುವುದು. ಎರಡನೆಯದನ್ನು ಆರಿಸಿಕೊಂಡ ಸಾಹಸಿಗೆ ಸ್ಪ್ಯಾನರಿಗಿಂತ ಮೊದಲು ಬೇಕಾಗುವುದು ಒಂದು ಪುಸ್ತಕ. ಅದೂ ನಂಬಬಹುದಾದ ಪುಸ್ತಕ.

ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಕಾರು ನಿಂತುಬಿಡುತ್ತದೆ. ಆದರೆ ಚಕ್ರಕ್ಕೂ ಕಾರಿನ ಒಡಲಿಗೂ ನಡುವಣ ಸಸ್ಪೆನ್ಷನ್ನಿನಲ್ಲಿ ಒಂದು ನಟ್ಟು ಸಡಿಲವಾಗಿ ಉಳಿದರೆ ಕಾರು ಓಡುತ್ತಲೇ ಇರುತ್ತದೆ, ಅಪಾಯವಿರುವುದೇ ಅಲ್ಲಿ. ಹಿಂದಿನ ಆಸನದಲ್ಲಿ ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ಹೋಗುವವನು ಇದನ್ನು ಮರೆಯಲಾಗದು.

ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳಿ. 2014ರವರೆಗೆ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿಗೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯೇ ಮೂಲಪುರುಷ. ಆ ಮೂಲದಲ್ಲಿ ಮುಂಚಕ್ರಗಳ ಭಾರವನ್ನು ಹೊರುವುದು, ಕಾರಿನ ಉದ್ದಕ್ಕೆ ಮಲಗಿ, ಹೊಂಡ ಬಂದಾಗ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುವ ಉಕ್ಕಿನ ಸಲಾಕೆ. ಅದರ ಸಮಕಾಲೀನ ಫಿಯಟ್ 1100ರ ಮುಂಭಾಗದಲ್ಲಾದರೋ ಸುರುಳಿ ಸ್ಪ್ರಿಂಗು. ಒಂದರ ಪುಸ್ತಕ ಇನ್ನೊಂದಕ್ಕೆ ಸಲ್ಲದು. ಹೆಸರು ಒಂದೇ ಆದರೂ ದಶಕಗಳ ಅಂತರದಲ್ಲಿ ಒಳಗಿನ ಭಾಗಗಳು ಬದಲಾಗುವುದುಂಟು. ಆದಕಾರಣ ಮುಖಪುಟದ ಚಿತ್ರ ನೋಡಿ ಹಿಗ್ಗದೆ, ಮಾದರಿಯೂ ವರ್ಷವೂ ತನ್ನ ಕಾರಿಗೆ ಹೊಂದುತ್ತವೆಯೇ ಎಂದು ನೋಡುವುದು ಮೊದಲನೆಯ ಪರೀಕ್ಷೆ.

ಎರಡನೆಯ ಪರೀಕ್ಷೆ ಅಂಕಿಗಳದು. ‘ಬಿಗಿಯಾಗಿ ತಿರುಗಿಸಿರಿ’ ಎಂದು ಮಾತ್ರ ಬರೆದ ಪುಸ್ತಕ ಪಾಕಶಾಸ್ತ್ರದಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದಂತೆ. ಪ್ರತಿಯೊಂದು ಬೋಲ್ಟಿಗೂ ಎಷ್ಟು ಬಿಗಿ ಎಂಬುದನ್ನು ಅಳತೆಯೊಡನೆ ಹೇಳಬೇಕು. ಹಳೆಯ ಆಂಗ್ಲ ಪುಸ್ತಕಗಳು ಅಡಿ-ಪೌಂಡಿನಲ್ಲಿ ಹೇಳಿದರೆ ಇಂದಿನವು ನ್ಯೂಟನ್ ಮೀಟರಿನಲ್ಲಿ ಹೇಳುತ್ತವೆ. 50 ಅಡಿ-ಪೌಂಡು ಎಂದರೆ ಸುಮಾರು 68 ನ್ಯೂಟನ್ ಮೀಟರು. ಒಂದನ್ನು ಇನ್ನೊಂದೆಂದು ಓದಿದವನ ಬೋಲ್ಟು ಕಾಲುಪಾಲಿಗಿಂತಲೂ ಹೆಚ್ಚು ಸಡಿಲವಾಗಿಯೇ ಉಳಿಯಿತು! ಮೊಬೈಲಿನ ಪರದೆಯಲ್ಲಿ ದೊರೆಯುವ ಮಸುಕು ಪ್ರತಿಗಳಲ್ಲಿ 3 ಎಂಬುದು 8ರಂತೆ ಕಾಣುವುದೂ ಉಂಟು. ಅಂಥಲ್ಲಿ ಎರಡು ಪ್ರತಿಗಳನ್ನು ಹೋಲಿಸಿ ನೋಡದೆ ಸ್ಪ್ಯಾನರು ಹಿಡಿಯಬಾರದು.

ಮೂರನೆಯದು, ಪುಸ್ತಕ ಎಲ್ಲೆಲ್ಲಿ ಎಚ್ಚರಿಸುತ್ತದೆಂಬುದು. ಮಾರುತಿ 800ರ ಮುಂದಿನ ಸ್ಟ್ರಟ್ಟಿನ ನೆತ್ತಿಯ ನಟ್ಟನ್ನು, ಸುರುಳಿಯನ್ನು ತಕ್ಕ ಸಾಧನದಿಂದ ಅದುಮಿ ಹಿಡಿಯದೆ ಬಿಚ್ಚಿದರೆ, ಒಳಗೆ ಅಡಗಿದ ಬಲ ಗುಂಡಿನಂತೆ ಸಿಡಿದೀತು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಬಾರದು; ಗಟ್ಟಿಯಾದ ಸ್ಟ್ಯಾಂಡುಗಳು ಬೇಕು. ರಬ್ಬರಿನ ಬುಷ್ಷುಗಳ ಬೋಲ್ಟುಗಳನ್ನು ಸಾಮಾನ್ಯವಾಗಿ ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಾರಿ ಬಿಗಿಯಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಇಂಥ ಮಾತುಗಳಿಲ್ಲದ ಪುಸ್ತಕ ಎಷ್ಟೇ ಅಂದವಾಗಿದ್ದರೂ ಅದು ಚಿತ್ರಸಂಪುಟ ಮಾತ್ರ.

ಇಂಥ ಪುಸ್ತಕ ದೊರೆಯುವುದೆಲ್ಲಿ? ಕಾರು ತಯಾರಕರೇ ತಮ್ಮ ಕಾರ್ಯಾಗಾರಗಳಿಗಾಗಿ ಅಚ್ಚುಹಾಕಿಸಿದ ಕೈಪಿಡಿಗೆ ಅಗ್ರಸ್ಥಾನ. ಜಾನ್ ಹೇನ್ಸ್ 1960ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿಸಿದ ಪ್ರಕಾಶನವು ಕಾರನ್ನು ನಿಜವಾಗಿ ಬಿಚ್ಚಿ, ಮತ್ತೆ ಜೋಡಿಸಿ ಬರೆಯುವ ಪದ್ಧತಿಯಿಂದಲೇ ಹೆಸರಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದೃಷ್ಟವನ್ನು ಪರೀಕ್ಷಿಸಬಹುದು.

ಆದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಈ ಪುಸ್ತಕಗಳೆಲ್ಲ ಇಂಗ್ಲಿಷಿನವು. ಮಲೆನಾಡಿನ ರಸ್ತೆಯನ್ನು ಬಲ್ಲ ಮೇಸ್ತ್ರಿಯ ವಿದ್ಯೆಯೋ ಕನ್ನಡದಲ್ಲಿ, ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಸಾಗಿ ಬಂದದ್ದು. ಪುಸ್ತಕಕ್ಕೆ ಸದ್ದು ಕೇಳಿಸದು. ಮೇಸ್ತ್ರಿಗೆ ಎಲ್ಲ ಅಂಕಿಗಳೂ ನೆನಪಿರಲಾರವು. ಜಾಣನಾದ ಯಜಮಾನ ಪುಸ್ತಕವನ್ನು ಓದಿ, ಮೇಸ್ತ್ರಿಗೆ ತೋರಿಸಿ, ಆತ ಹೇಳಿದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿಡುತ್ತಾನೆ. ತನ್ನಿಂದಾಗದ ಕೆಲಸ ಬಂದ ಪುಟದಲ್ಲಿ ಗುರುತಿಟ್ಟು ಸ್ಪ್ಯಾನರು ಕೆಳಗಿಡುತ್ತಾನೆ. ಮುಂದೆ ಮಗನೋ ಮಗಳೋ ಆ ಕಾರಿನ ಅಡಿಗೆ ಇಳಿಯುವ ದಿನ ಬಂದರೆ, ಮನೆಯಲ್ಲಿ ಅದಕ್ಕಿಂತ ನಂಬತಕ್ಕ ಪುಸ್ತಕ ಬೇರೊಂದಿರಲಾರದು.