ಸವಳು ಮಣ್ಣಿನ ಕಾಯಕಜೀವಿಗಳು

ತುಂಗಭದ್ರೆಯ ಎಡದಂಡೆಯ ನಾಡು ಭತ್ತದ ಕಣಜವೆಂಬ ಮಾತು ಕನ್ನಡಿಗರಿಗೆಲ್ಲ ಪರಿಚಿತವಾದುದು. ಆದರೆ ಆ ಕಣಜದ ತಳದಲ್ಲಿಯೇ ಉಪ್ಪು ಸೇರಿಕೊಂಡಿರುವ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕೊಪ್ಪಳದ ಗವಿಮಠದಲ್ಲಿ ಗದ್ದುಗೆಗೆ ನಮಿಸಿ, ಗಂಗಾವತಿ, ಶ್ರೀರಾಮನಗರ, ಸಿದ್ದಾಪುರಗಳ ಮಾರ್ಗವಾಗಿ ಕಾರಟಗಿಯವರೆಗೆ ನಾವು ಕೈಕೊಂಡ ಪ್ರವಾಸದಲ್ಲಿ ಈ ಎರಡೂ ಮುಖಗಳನ್ನು ಕಾಣುವ ಪ್ರಸಂಗ ಒದಗಿತು.

ಕೊಪ್ಪಳ ಬಿಟ್ಟೊಡನೆ ಬಂಡೆಗುಡ್ಡಗಳು, ಮಳೆಯನ್ನೇ ನಂಬಿದ ಹೊಲಗಳು. ಗಂಗಾವತಿ ಸಮೀಪಿಸಿದಂತೆ ನೋಟವೇ ಬದಲಾಗುತ್ತದೆ. ಕಾಲುವೆಗಳು, ಗದ್ದೆಗಳು, ಸಾಲುಸಾಲಾಗಿ ಅಕ್ಕಿ ಗಿರಣಿಗಳು. 1953ರಲ್ಲಿ ಕಾಲುವೆಗೆ ನೀರು ಹರಿದ ತರುವಾಯ ಆಂಧ್ರದಿಂದ ಬಂದು ನೆಲೆಸಿದ ರೈತರ ವಸತಿಗಳಿಗೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು.

ಕಾರಟಗಿಯ ಕಡೆಗೆ ಸಾಗುವಾಗ, ತಗ್ಗಿನ ಹೊಲವೊಂದರಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಯ ಹೊಪ್ಪಳಿಕೆ ಕಂಡು ಇಳಿದೆವು. ಬದುವಿನ ಮೇಲೆ ಕುಳಿತಿದ್ದ ಹಿರಿಯರನ್ನು ಮಾತನಾಡಿಸಿದೆವು.

“ನಮ್ಮಪ್ಪನ ಕಾಲಕ್ಕ ಇಲ್ಲಿ ಬಿಳಿಜ್ವಾಳ ಆಳೆತ್ತರ ಬರ್ತಿತ್ರಿ. ಈಗ ಸವಳು ಹತ್ತೇತಿ. ಬಿತ್ತಿದ ಬೀಜನೂ ತಿರುಗಿ ಬರಾಂಗಿಲ್ಲ. ಹುಡುಗ್ರು ದುಡಿಯಾಕ ಬೆಂಗ್ಳೂರಿಗೆ ಹೋಗ್ಯಾರ್ರೀ” ಎಂದು ಅವರು ನೆಲವನ್ನೇ ನೋಡುತ್ತ ನುಡಿದರು.

ಸವಳು ಹತ್ತುವ ಬಗೆಯನ್ನು ತಿಳಿಯುವುದು ಅಗತ್ಯ. ಈ ಯೋಜನೆಯ ಬಹುಪಾಲು ಭೂಮಿಯನ್ನು ಜೋಳ, ಹತ್ತಿಗಳಂಥ ಕಡಿಮೆ ನೀರಿನ ಬೆಳೆಗಳಿಗೆಂದೇ ಗೊತ್ತುಪಡಿಸಲಾಗಿತ್ತು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ಕೈಹಾಕಿದರು. ಎರೆಮಣ್ಣಿನಲ್ಲಿ ನೀರು ಬಸಿಯುವುದು ನಿಧಾನ. ನಿಂತ ನೀರು ಅಂತರ್ಜಲವನ್ನು ಮೇಲಕ್ಕೆತ್ತಿತು. ಬಿಸಿಲಿಗೆ ನೀರು ಆರಿ, ಅದು ಹೊತ್ತು ತಂದ ಲವಣ ನೆಲದ ಮೇಲೆಯೇ ಉಳಿಯಿತು. ಕೆಳಭಾಗದವರಿಗೆ ಒಂದೆಡೆ ಕಾಲುವೆಯ ನೀರು ಸಾಲದು. ಇನ್ನೊಂದೆಡೆ ತಗ್ಗಿಗೆ ಬಸಿದು ಬಂದ ನೀರಿನಿಂದ ಜವಳು. ದೇಶದಲ್ಲಿ ಇಂಥ ಲವಣಪೀಡಿತ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್ ಇರುವುದಾಗಿ ಅಂದಾಜು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಬಹುಕಾಲದಿಂದ ಈ ಸವಳು-ಜವಳು ಭೂಮಿಯ ಸುಧಾರಣೆಯಲ್ಲಿಯೇ ತೊಡಗಿದೆ. 1969ರಲ್ಲಿ ಸ್ಥಾಪನೆಗೊಂಡ ಕರ್ನಾಲದ ಕೇಂದ್ರೀಯ ಲವಣಮಣ್ಣು ಸಂಶೋಧನಾ ಸಂಸ್ಥೆಯೊಡನೆ ಅದರ ಕಾರ್ಯ ಕೂಡಿಕೊಂಡಿದೆ. ಕರ್ನಾಲದ ಸಂಸ್ಥೆಯ ಲಖನೌ ಕೇಂದ್ರದಲ್ಲಿ ಉಪ್ಪನ್ನು ತಾಳಬಲ್ಲ ಅಣುಜೀವಿಗಳನ್ನು ಆಯ್ದು ದ್ರವರೂಪದ ಜೀವಾಣು ಗೊಬ್ಬರಗಳನ್ನು ಸಿದ್ಧಪಡಿಸಿರುವುದು ಈಚಿನ ವರ್ಷಗಳ ಶುಭವಾರ್ತೆ.

ಈ ಸೂಕ್ಷ್ಮಜೀವಿಗಳ ಕೆಲಸವಾದರೂ ಏನು? ಉಪ್ಪಿನ ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಅದನ್ನು ಹೀರುವುದು ಕಷ್ಟ. ಆ ಸಂಕಟದಲ್ಲಿ ಸಸ್ಯವು ಎಥಿಲೀನ್ ಎಂಬ ವಸ್ತುವನ್ನು ಹೆಚ್ಚಾಗಿ ಉಂಟುಮಾಡಿಕೊಂಡು ತನ್ನ ಬೇರಿನ ಬೆಳವಣಿಗೆಯನ್ನು ತಾನೇ ತಡೆಯುತ್ತದೆ. ಬೇರಿನ ಸುತ್ತ ನೆಲೆಸಿದ ಕೆಲವು ಬ್ಯಾಕ್ಟೀರಿಯಗಳು ಎಥಿಲೀನಿನ ಮೂಲದ್ರವ್ಯವನ್ನೇ ಒಡೆದುಹಾಕುವುದರಿಂದ ಬೇರು ಮತ್ತೆ ಚಾಚುತ್ತದೆ. ಇನ್ನು ಕೆಲವು ಅಂಟಿನಂಥ ಪದಾರ್ಥವನ್ನು ಸ್ರವಿಸಿ ಸೋಡಿಯಮ್ಮನ್ನು ಹಿಡಿದಿಡುತ್ತವೆ, ಮಣ್ಣಿನ ಕಣಗಳನ್ನು ಕೂಡಿಸುತ್ತವೆ. ಅಜೋಸ್ಪಿರಿಲಮ್ ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿದರೆ, ಬೇರೆ ಅಣುಜೀವಿಗಳು ಕರಗದೆ ಕುಳಿತ ರಂಜಕವನ್ನು ಕರಗಿಸಿಕೊಡುತ್ತವೆ. ಪ್ರತಿಯಾಗಿ ಬೇರು ತನ್ನ ಸಕ್ಕರೆಯ ಅಂಶವನ್ನು ಅವುಗಳಿಗೆ ಉಣಿಸುತ್ತದೆ. ಮಣ್ಣೊಳಗಿನ ಈ ಕೊಡುಕೊಳ್ಳುವಿಕೆಯನ್ನು ದಾಸೋಹವೆಂದು ಕರೆದರೆ ತಪ್ಪಾಗಲಾರದು.

ಬಳಸುವ ವಿಧಾನವೂ ಸರಳ. ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ ನೆರಳಿನಲ್ಲಿ ಆರಿಸಿ ಬಿತ್ತಬೇಕು. ಭತ್ತವಾದರೆ ನಾಟಿಗೆ ಮುನ್ನ ಸಸಿಯ ಬೇರನ್ನು ದ್ರಾವಣದಲ್ಲಿ ಅದ್ದಬೇಕು. ಇವು ಜೀವವಿರುವ ವಸ್ತುಗಳಾದ್ದರಿಂದ ಬಿಸಿಲಿಗಿಡಬಾರದು, ರಾಸಾಯನಿಕಗಳೊಡನೆ ಬೆರೆಸಬಾರದು, ಅವಧಿ ಮೀರಿದ್ದನ್ನು ಕೊಳ್ಳಬಾರದು. ಮಣ್ಣಿನಲ್ಲಿ ಕೊಟ್ಟಿಗೆ ಗೊಬ್ಬರವಿಲ್ಲದಿದ್ದರೆ ಅವು ಬಾಳುವುದಾದರೂ ಹೇಗೆ? ಡಯಂಚವನ್ನು ಬೆಳೆದು ಹೂ ಬಿಡುವ ಮುನ್ನ ಉಳುಮೆ ಮಾಡಿದರೆ ನೆಲಕ್ಕೆ ಹಸಿರುಗೊಬ್ಬರವೂ ದೊರೆಯುತ್ತದೆ.

ಇಷ್ಟಾದರೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅಣುಜೀವಿಗಳು ಸಸ್ಯಕ್ಕೆ ತಾಳುವ ಶಕ್ತಿ ಕೊಡುತ್ತವೆಯೇ ಹೊರತು ಹೊಲದಿಂದ ಉಪ್ಪನ್ನು ಹೊತ್ತೊಯ್ಯುವುದಿಲ್ಲ. ಅದಕ್ಕೆ ಬಸಿಗಾಲುವೆ ಬೇಕು, ನೆಲದಡಿಯ ಬಸಿಕೊಳವೆ ಬೇಕು. ಕ್ಷಾರದ ಮಣ್ಣಿಗೆ ಜಿಪ್ಸಂ ಬೇಕು. ಹತ್ತಿಯು ಭತ್ತಕ್ಕಿಂತ ಹೆಚ್ಚು ಉಪ್ಪನ್ನು ತಾಳಬಲ್ಲದೆಂಬುದನ್ನು ನೆನೆದು, ನೆಲ ನೋಡಿ ಬೆಳೆ ಆರಿಸಬೇಕು. ಬಸಿಗಾಲುವೆಯಾದರೋ ಒಬ್ಬನ ಹೊಲದಲ್ಲಿ ಮುಗಿಯುವಂಥದಲ್ಲ. ನೆರೆಯವನು ದಾರಿ ಬಿಟ್ಟರೆ ಮಾತ್ರ ನೀರು ಹಳ್ಳ ಸೇರೀತು.

ಒಕ್ಕಲಿಗ ಮುದ್ದಣ್ಣನಂಥ ಶರಣರು ನೇಗಿಲನ್ನೇ ಕಾಯಕವಾಗಿ ಸ್ವೀಕರಿಸಿ ಅನುಭವದ ಎತ್ತರಕ್ಕೇರಿದ ಪರಂಪರೆ ನಮ್ಮದು. ಬಸವಣ್ಣನವರು ಕಲಿಸಿದ ದಾಸೋಹವು ಅನ್ನಕ್ಕೆ ಮಾತ್ರ ಸೀಮಿತವಲ್ಲ; ನೀರಿಗೂ ಅನ್ವಯಿಸತಕ್ಕದ್ದು. ಮೇಲ್ಭಾಗದವನು ತನ್ನ ಪಾಲಿಗಿಂತ ಹೆಚ್ಚು ನೀರು ನಿಲ್ಲಿಸಿಕೊಂಡರೆ ಕೆಳಗಿನವನ ನೆಲ ಎರಡು ಬಗೆಯಲ್ಲಿ ಕೆಡುತ್ತದೆ. ಕಣ್ಣಿಗೆ ಕಾಣದ ಜೀವಿಗಳು ತಮ್ಮ ಕಾಯಕವನ್ನು ತಪ್ಪದೆ ನಡೆಸಿಯಾವು. ಆ ನೆರವು ಫಲ ಕೊಡಬೇಕಾದರೆ ಕಾಲುವೆಯ ತೂಬಿನ ಬಳಿ ನಿಂತ ಮನುಷ್ಯನೂ ತನ್ನ ಪಾಲಿನ ಕಾಯಕವನ್ನು ನಡೆಸಬೇಕು. ಊರೂರಿನ ರೈತಬಂಧುಗಳು ಮುಂಗಾರಿಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಕೂಡಿ ಕುಳಿತು, ಬಸಿಗಾಲುವೆಯ ಹೂಳೆತ್ತುವ ಸಂಕಲ್ಪ ಮಾಡಲಿ.